ಸೊಪ್ಪಿನ ಕಾರು

ನನ್ನ ಕಾರಿನಲ್ಲಿ ಬಿಸಿಲೇರಿದರೆ ಇವತ್ತಿಗೂ ಕೊತ್ತಂಬರಿ ಸೊಪ್ಪಿನ ವಾಸನೆ ಬರುತ್ತದೆ. ಸೀಟು ಬದಲಾಯಿಸಿದ್ದೇನೆ, ಕಾಲಡಿಯ ಹಲಗೆ ಕಿತ್ತು ಹೊಸದು ಹಾಕಿಸಿದ್ದೇನೆ, ಆದರೂ ಬರುತ್ತದೆ. ಹಳೇ ಕಾರುಗಳ ಕ್ಲಬ್ಬಿನವರು ಕಂಟೋನ್ಮೆಂಟಿನ ಮೈದಾನವೊಂದರಲ್ಲಿ ಇಟ್ಟಿದ್ದ ಪ್ರದರ್ಶನಕ್ಕೆ ಮೊದಲ ಸಲ ಒಯ್ದು ನಿಲ್ಲಿಸಿದಾಗ, ತೀರ್ಪುಗಾರರೊಬ್ಬರು ಒಳಗೆ ತಲೆ ಹಾಕಿ ಮೂಗೆಳೆದು, "ಮೇಡಂ, ಊಟದ ಡಬ್ಬಿ ಒಳಗೇ ಬಿಟ್ಟಿದೀರಾ?" ಎಂದರು. "ಇಲ್ಲ ಸಾರ್, ಆ ವಾಸನೆ ಒರಿಜಿನಲ್ಲು" ಎಂದೆ. ಅದಕ್ಕೆ ಅವರು ಮಾರ್ಕ್ಸ್ ಕೊಡಲಿಲ್ಲ. ಕೊಡಬೇಕಿತ್ತು.

ನಮ್ಮೂರು ಕೃಷ್ಣರಾಜಪುರದ ಆಚೆ, ಹಳೇ ಮದ್ರಾಸು ರಸ್ತೆಯಿಂದ ಎಡಕ್ಕೆ ತಿರುಗಿದರೆ ಸಿಗುವ ಹಳ್ಳಿ. ತಾತ ಬೆನ್ಸನ್ ಟೌನಿನ ಒಂದು ಬಂಗಲೆಗೆ ಹಾಲು, ಸೊಪ್ಪು ಹಾಕುತ್ತಿದ್ದರಂತೆ. ಆ ಬಂಗಲೆಯ ದೊರೆ ಸ್ವಾತಂತ್ರ್ಯ ಬಂದ ಮೇಲೆ ಗಂಟುಮೂಟೆ ಕಟ್ಟಿ ಹಡಗು ಹತ್ತಲು ಹೊರಟಾಗ ತನ್ನ ಕರಿ ಕಾರನ್ನು ತಾತನಿಗೆ ಮಾರಿದ. ಬೇರೆಯವರಾಗಿದ್ದರೆ ಅದಕ್ಕೆ ಬಟ್ಟೆ ಹೊದಿಸಿ ಕೈಮುಗಿಯುತ್ತಿದ್ದರೇನೋ. ನಮ್ಮ ತಾತ ಹಿಂದಿನ ಸೀಟು ಕಿತ್ತುಹಾಕಿ, ಸೊಪ್ಪಿನ ಮೂಟೆ ತುಂಬಿ, ಕೋಳಿ ಕೂಗುವ ಹೊತ್ತಿಗೆ ಶಿವಾಜಿನಗರದ ಮಾರ್ಕೆಟ್ಟಿಗೆ ಹೊರಟರು. ತಾತನ ನಂತರ ಅಪ್ಪನೂ ಅದನ್ನೇ ಮಾಡಿದರು. ಊರಲ್ಲಿ ಅದಕ್ಕೆ ಸೊಪ್ಪಿನ ಕಾರು ಎಂದೇ ಹೆಸರು.

ಆ ಕಾರಿನ ಸೆಲ್ಫ್ ಸ್ಟಾರ್ಟರ್ ಎಂದೂ ನೆಟ್ಟಗೆ ಕೆಲಸ ಮಾಡಿದ್ದಿಲ್ಲ. ಮೂತಿಯ ಕೆಳಗೆ ಒಂದು ತೂತಿದೆ. ಅದರೊಳಕ್ಕೆ ಎರಡು ಮೊಳದ ಕಬ್ಬಿಣದ ಹ್ಯಾಂಡಲ್ ಸಿಕ್ಕಿಸಿ, ಮೈಯ ಭಾರವನ್ನೆಲ್ಲ ಬಿಟ್ಟು ತಿರುಗಿಸಿದರೆ ಇಂಜಿನ್ ಏಳುತ್ತಿತ್ತು. ಅದು ಅಣ್ಣನ ಕೆಲಸ. ನನಗೆ ಆ ಹ್ಯಾಂಡಲನ್ನು ಮುಟ್ಟಲೂ ಬಿಡುತ್ತಿರಲಿಲ್ಲ. ಇಂಜಿನ್ ಒಂದೊಂದು ಸಲ ಸಿಟ್ಟಿಗೆದ್ದು ಹ್ಯಾಂಡಲನ್ನು ಹಿಂದಕ್ಕೆ ಒದೆಯುತ್ತದೆ. ಹೆಬ್ಬೆರಳನ್ನು ಸುತ್ತಿ ಹಿಡಿದಿದ್ದರೆ ಮುಗಿಯಿತು, ಬೆರಳು ಲಟಕ್ಕೆನ್ನುತ್ತದೆ. ಹೆಬ್ಬೆರಳೂ ಉಳಿದ ನಾಲ್ಕು ಬೆರಳ ಜೊತೆಗೆ ಒಂದೇ ಕಡೆ ಇರಬೇಕು. ಅದಕ್ಕೇ ಅಪ್ಪ ಪ್ರತಿ ಸಲವೂ ಸ್ಟೀರಿಂಗ್ ಹಿಡಿದು ಒಳಗಿನಿಂದ ಕೂಗುತ್ತಿದ್ದರು: "ಲೋ, ಹೆಬ್ಬೆರಳು!" ಪಕ್ಕದಲ್ಲಿ ಕೂತ ನಾನೂ ಅದೇ ಧಾಟಿಯಲ್ಲಿ ಕೂಗುತ್ತಿದ್ದೆ. ಅಣ್ಣ ನನಗೆ ನಾಲಿಗೆ ಚಾಚಿ ಅಣಕಿಸಿ ಒಂದು ಸುತ್ತು ಹೊಡೆಯುತ್ತಿದ್ದ. ಗುಡುಗುಡು ಎಂದು ಕಾರು ಎದ್ದು ಕೂರುತ್ತಿತ್ತು.

ಓಡಿಸುವುದನ್ನು ಅಪ್ಪ ನಮ್ಮಿಬ್ಬರಿಗೂ ಕೆರೆ ಏರಿಯ ಮೇಲೆ ಕಲಿಸಿದರು. ಅಣ್ಣನಿಗೆ ಟ್ರ್ಯಾಕ್ಟರ್ ಹಿಡಿಸಿತು, ನನಗೆ ಕಾರು.

ನನಗೆ ಮದುವೆಯಾಯಿತು. ಇನ್ಶೂರೆನ್ಸ್ ಆಫೀಸಿನಲ್ಲಿ ಕೆಲಸ, ಇಂದಿರಾನಗರದಲ್ಲಿ ಮನೆ, ಸರ್ಕಾರಿ ಕಾರ್ಖಾನೆಗೆ ಹೋಗುವ ಗಂಡ. ಊರಲ್ಲಿ ಹೊಲ ಹೋಗಿ ಬಾಡಿಗೆ ಮನೆಗಳು ಎದ್ದವು. ಕಾರು ಕೊಟ್ಟಿಗೆ ಸೇರಿತು. ತೊಂಬತ್ತರ ದಶಕದ ಕೊನೆಗೆ ಅಪ್ಪ ತೀರಿಕೊಂಡ ಮೇಲೆ ನನ್ನನ್ನು ರಿಜಿಸ್ಟ್ರಾರ್ ಆಫೀಸಿಗೆ ಕರೆದರು. ನಮ್ಮ ಕಡೆ ಅದೂ ಒಂದು ಶಾಸ್ತ್ರದ ಹಾಗೆ. ಮದುವೆಯಾದ ಹೆಣ್ಣುಮಗಳು ತವರಿನ ಆಸ್ತಿ ನನಗೆ ಬೇಡ ಎಂದು ಸಹಿ ಹಾಕುತ್ತಾಳೆ, ಅಣ್ಣತಮ್ಮಂದಿರು ಒಂದು ಸೀರೆ, ಎಲೆ ಅಡಿಕೆ ಕೊಟ್ಟು ಕಳಿಸುತ್ತಾರೆ. ನಾನು ಪೆನ್ನು ಕೈಯಲ್ಲಿ ಹಿಡಿದುಕೊಂಡೇ ಹೇಳಿದೆ: "ಸೀರೆ ಬೇಡ ಅಣ್ಣ. ಕೊಟ್ಟಿಗೇಲಿರೋ ಕಾರು ಕೊಡು."

ಅಣ್ಣ ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕ. "ಆ ಗುಜರೀನಾ? ಕೋಳಿ ಮೊಟ್ಟೆ ಇಡ್ತಾ ಇದಾವೆ ಕಣೇ ಅದ್ರಲ್ಲಿ. ಮೊಟ್ಟೆ ಸಮೇತ ತಗೊಂಡ್ಹೋಗು!"

ನಾನೇನು ತ್ಯಾಗಮಯಿಯಲ್ಲ. ಭೂಮಿ ಕೇಳಿದರೆ ಕೋರ್ಟು, ಕಾರು ಕೇಳಿದರೆ ಪೆಟ್ರೋಲು. ಎರಡರಲ್ಲಿ ಪೆಟ್ರೋಲೇ ವಾಸಿ ಅನ್ನಿಸಿತು. ಈಗಲೂ ಹಾಗೇ ಅನ್ನಿಸುತ್ತದೆ.

ಕಾರನ್ನು ಟ್ರ್ಯಾಕ್ಟರಿಗೆ ಕಟ್ಟಿ ಶಿವಾಜಿನಗರಕ್ಕೆ ಎಳೆಸುವ ದಿನ ಕೊಟ್ಟಿಗೆಯೆಲ್ಲ ಹುಡುಕಿದೆ, ಹ್ಯಾಂಡಲ್ ಇರಲಿಲ್ಲ. "ಎಲ್ಲಣ್ಣ ಹ್ಯಾಂಡ್ಲು?" ಎಂದರೆ ಅಣ್ಣ ತೆಂಗಿನ ಮರದ ತುದಿ ನೋಡುತ್ತಾ, "ಎಲ್ಲೋ ಹೋಗಿರ್ಬೇಕು ಬಿಡು" ಎಂದ. ಆ ಮನೆಯಲ್ಲಿ ಮುರಿದ ಕುಡುಗೋಲೂ ಕಳೆದುಹೋಗುವುದಿಲ್ಲ ಎಂಬುದು ನನಗೆ ಗೊತ್ತು. ಟ್ರ್ಯಾಕ್ಟರ್ ಹೊರಡಿಸಿದೆ.

ಶಿವಾಜಿನಗರದ ಮೇಸ್ತ್ರಿ ಬಾಗಿಲು ತೆಗೆದವರೇ ನಕ್ಕರು. "ಕ್ಯಾ ಅಮ್ಮಾ, ಇದ್ರೊಳಗೆ ಕೊತ್ಮೀರಿ ಬೆಳೆಸಿದ್ರಾ?" ಆಮೇಲೆ ಎರಡು ವರ್ಷ ನಾನು ಸಂಬಳದ ದಿನವೆಲ್ಲ ಅವರ ಗ್ಯಾರೇಜಿನಲ್ಲಿ ಸ್ಟೂಲ್ ಹಾಕಿಕೊಂಡು ಕೂತೆ. ನಾವಿಬ್ಬರೂ ಜಗಳವಾಡಿದ್ದಕ್ಕೆ ಲೆಕ್ಕವಿಲ್ಲ. ಆದರೆ ಕಾರು ಎದ್ದು ನಿಂತಿತು. ಕಳೆದುಹೋದ ಹ್ಯಾಂಡಲಿನ ಬದಲು ಸರಳು ಬಗ್ಗಿಸಿ ಒಂದನ್ನು ಅವರೇ ಮಾಡಿಕೊಟ್ಟರು. ಕೆಲಸಕ್ಕೇನೋ ಅದು ಬರುತ್ತಿತ್ತು. ಕ್ಲಬ್ಬಿನ ತೀರ್ಪುಗಾರರು ಮಾತ್ರ ಪ್ರತಿ ಪ್ರದರ್ಶನದಲ್ಲೂ ಅದನ್ನು ಎತ್ತಿ ನೋಡಿ, "ಹ್ಯಾಂಡಲ್ ಒರಿಜಿನಲ್ ಅಲ್ಲ" ಎಂದು ಮಾರ್ಕ್ಸ್ ಕಳೆಯುತ್ತಿದ್ದರು.

ಮಾರ್ಕ್ಸ್ ಹಾಳಾಗಲಿ, ಭಾನುವಾರ ಬೆಳಗಿನ ಸುಖ ಹೇಳುತ್ತೇನೆ ಕೇಳಿ. ಇಂದಿರಾನಗರದಿಂದ ಹೊರಟು, ಹಲಸೂರು ಕೆರೆಯ ಪಕ್ಕ ಬಂದು, ಕಂಟೋನ್ಮೆಂಟಿನ ಮರಗಳ ಕೆಳಗೆ ಬೆನ್ಸನ್ ಟೌನಿನವರೆಗೆ ಒಂದು ಸುತ್ತು. ಗೇರು ಬದಲಾಯಿಸಲು ಎರಡು ಸಲ ಕ್ಲಚ್ ತುಳಿಯಬೇಕು, ತಿರುಗುವಾಗ ಕೈ ಹೊರಗೆ ಚಾಚಬೇಕು, ಬ್ರೇಕನ್ನು ನಾಲ್ಕು ಮಾರು ಮೊದಲೇ ನೆನೆಸಿಕೊಳ್ಳಬೇಕು. ಎಡಗಡೆ ನನ್ನ ಯಜಮಾನರು ತೊಡೆಯ ಮೇಲೆ ನೀರಿನ ಕ್ಯಾನ್ ಇಟ್ಟುಕೊಂಡು, ಪರೀಕ್ಷೆಗೆ ಹೊರಟವರ ಮುಖ ಮಾಡಿಕೊಂಡು ಕೂರುತ್ತಿದ್ದರು. ಅವರು ಆ ಕಾರನ್ನು ಒಂದು ದಿನವೂ ಓಡಿಸಿದವರಲ್ಲ. ಒಬ್ಬ ಆಟೋದವನು ಪಕ್ಕಕ್ಕೆ ಬಂದು, "ಮೇಡಂ, ಮ್ಯೂಸಿಯಂ ಈ ಕಡೆ ಅಲ್ಲ!" ಎಂದ. "ಗೊತ್ತು ಗುರು, ನಿನ್ನ ಮೀಟರ್ ತಗೊಂಡು ಅಲ್ಲಿಗೇ ಹೋಗ್ತಿದೀನಿ, ಅದೂ ಓಡಲ್ವಲ್ಲ!" ಎಂದೆ. ಅವನು ಸಿಗ್ನಲ್ ಬಿಡುವವರೆಗೂ ನಗುತ್ತಿದ್ದ. ಆಫೀಸಿನಲ್ಲಿ ಆರು ದಿನ ಕುರ್ಚಿ ಸವೆಸುವ ನನಗೆ ಆ ಒಂದು ಬೆಳಿಗ್ಗೆ ರಾಣಿಯ ದರ್ಬಾರು. ಸಂತೋಷಕ್ಕೆ ಬೇರೆ ಹೆಸರು ಹುಡುಕಬೇಕಿಲ್ಲ, ಅದು ಸಂತೋಷವೇ.

ಕ್ಲಬ್ಬಿನಲ್ಲಿ ಸೇರಿಸಿಕೊಂಡಾಗ ಪತ್ರಿಕೆಯೊಂದರಲ್ಲಿ ಫೋಟೋ ಬಂತು. ಕಾರು, ಸ್ಟೀರಿಂಗ್ ಹಿಡಿದ ನಾನು. ಅಲ್ಲಿಂದ ಶುರುವಾಯಿತು ರಾಮಾಯಣ. ಊರಿನ ಅರಳಿಕಟ್ಟೆಯಲ್ಲಿ ಅಣ್ಣನನ್ನು ಹಿಡಿದು, "ಗುಜರಿ ಅಂತ ಕೊಟ್ಟೆಯಲ್ಲಪ್ಪ, ನೋಡು ತಂಗೀನ" ಎಂದು ಎಲ್ಲರೂ ಕಿಚಾಯಿಸಿದರು. ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರಲ್ಲ, ಅದು ಪಕ್ಕದ ಮನೆಯ ಹಿತ್ತಲಿಗೆ ಹೋದ ಮೇಲೆಯೇ ಮದ್ದು ಎಂದು ಗೊತ್ತಾಗುವುದು. ನೆಂಟರ ಮದುವೆಯೊಂದರಲ್ಲಿ ಅಣ್ಣ ಎಲ್ಲರ ಮುಂದೆ ಹೇಳಿದ: "ಕೊಟ್ಟ ಹೆಣ್ಣು ಕುಲಕ್ಕೆ ಹೊರಗು ಅಂತಾರೆ. ನೀನು ಹೋಗ್ತಾ ಹೋಗ್ತಾ ತಾತನ್ನೂ ಎತ್ಕೊಂಡು ಹೋದೆಯಲ್ಲೇ."

ನಾನು ಬಿಡುವವಳೇ? "ಕೋಳಿ ಮೊಟ್ಟೆ ಎಣಿಸ್ತಿದ್ದಾಗ ತಾತ ನೆನಪಾಗ್ಲಿಲ್ವಾ ನಿಂಗೆ?" ಎಂದೆ. ಅಣ್ಣ ಎಲೆಯ ಮುಂದಿನಿಂದ ಎದ್ದು ಹೋದ.

ಆ ವರ್ಷ ಗೌರಿ ಹಬ್ಬಕ್ಕೆ ಅಣ್ಣ ಬಾಗಿನ ತರಲಿಲ್ಲ. ಮದುವೆಯಾದ ಹೆಣ್ಣಿಗೆ ತವರಿನಿಂದ ಬರುವ ಆ ಮೊರದ ಬೆಲೆ ಏನೆಂದು ಹೆಂಗಸರಿಗೆ ಬಿಡಿಸಿ ಹೇಳಬೇಕಿಲ್ಲ. ಗೌರಿ ಹಬ್ಬದ ದಿನ ಬೆಳಿಗ್ಗೆಯಿಂದ ಗೇಟಿನ ಸದ್ದಿಗೆ ಕಿವಿ ಕೊಟ್ಟು ಕೂತಿದ್ದೆ. ಮರುವರ್ಷವೂ ಬರಲಿಲ್ಲ. ಅದರ ಮರುವರ್ಷವೂ ಇಲ್ಲ. ಅಪ್ಪ ಅಮ್ಮ ಇಬ್ಬರೂ ಹೋದ ಮೇಲೆ ಅಣ್ಣನ ಹೊಸ್ತಿಲೇ ನನ್ನ ತವರು. ಅದು ತಪ್ಪಿದರೆ ಹುಟ್ಟಿದ ಮನೆಯ ಕಡೆಯಿಂದ ನನ್ನನ್ನು 'ಏನೇ' ಎಂದು ಕರೆಯುವವರು ಯಾರೂ ಇಲ್ಲ. ಅಳು ಬರುತ್ತಿತ್ತು, ಅದಕ್ಕಿಂತ ಹೆಚ್ಚಾಗಿ ಸಿಟ್ಟು ಬರುತ್ತಿತ್ತು. ನಾನಾಗಿ ಹೋಗಲಿಲ್ಲ.

ಅಮ್ಮ ಒಂದು ಮಾತು ಹೇಳಿದ್ದಳು: ತವರಿನ ತಿರುವು ದಾಟಿ ಹೋಗುವ ಮಗಳು ಒಳಗೆ ಬಂದು ಕುಂಕುಮ ಇಡಿಸಿಕೊಳ್ಳದೆ ಮುಂದೆ ಹೋಗಬಾರದು, ಹೋದರೆ ಋಣ ಹರಿದ ಹಾಗೆ. ಕರೆಯದ ಮನೆಗೆ ಹೋಗಲಾರೆ, ತಿರುವು ದಾಟಲೂ ಆರೆ. ಹೊಸಕೋಟೆ ಕಡೆ ಕೆಲಸವಿದ್ದರೆ ಮಾರತ್ತಹಳ್ಳಿಯ ಮೇಲೆ ಊರೆಲ್ಲ ಬಳಸಿಕೊಂಡು ಹೋಗುತ್ತಿದ್ದೆ. ಯಜಮಾನರು ಪೆಟ್ರೋಲಿನ ಮುಳ್ಳನ್ನೇ ನೋಡುತ್ತಿದ್ದರು.

ಕೃಷ್ಣರಾಜಪುರದಲ್ಲಿ ರೈಲು ಹಳಿಯ ಮೇಲೆ ತೂಗು ಸೇತುವೆ ಆದ ಮೇಲೆ ಕ್ಲಬ್ಬಿನವರು ಹೊಸಕೋಟೆಯ ಆಚೆಯ ಮಾವಿನ ತೋಪಿಗೆ ಒಂದು ಭಾನುವಾರ ಹೋಗೋಣ ಎಂದರು. ಅಧ್ಯಕ್ಷರು ಮಿಲಿಟರಿಯಿಂದ ನಿವೃತ್ತರಾದವರು. ನನ್ನನ್ನು ನೋಡಿ, "ಮೇಡಂ, ಅದು ನಿಮ್ಮ ಏರಿಯಾ. ಎಲ್ಲಾರಿಗಿಂತ ಮುಂದಿನ ಕಾರ್ ನಿಮ್ದು" ಎಂದರು. ಅಷ್ಟು ಗಂಡಸರ ಮುಂದೆ ಹೆಂಗಸೊಬ್ಬಳು ಮುಂದಿನ ಕಾರು ಓಡಿಸಿದ್ದು ನಮ್ಮ ಕ್ಲಬ್ಬಿನಲ್ಲಿ ಅದೇ ಮೊದಲು. ಆಗಲ್ಲ ಎನ್ನಲು ನನಗೆ ಹುಚ್ಚೇ?

ಹೊರಡುವ ಮುಂಚೆ ಅಧ್ಯಕ್ಷರು ಎಲ್ಲರನ್ನೂ ನಿಲ್ಲಿಸಿ ಕಟ್ಟಪ್ಪಣೆ ಹೊರಡಿಸಿದರು. "ಮುಂದಿನ ಕಾರ್ ಎಲ್ಲಿ ತಿರುಗುತ್ತೋ ಅಲ್ಲೇ ಎಲ್ಲಾರೂ ತಿರುಗ್ಬೇಕು. ಅದು ನಿಂತ್ರೆ ನಿಲ್ಬೇಕು. ಅದು ಹೊರಡೋ ತನಕ ಯಾರೂ ಹೊರಡೋ ಹಾಗಿಲ್ಲ. ನೋ ಕ್ವೆಶ್ಚನ್ಸ್." ಕಳೆದ ಸಲ ಯಾರೋ ಅಡ್ಡದಾರಿ ಹಿಡಿದು ಅರ್ಧ ದಿನ ಕಳೆದುಹೋಗಿದ್ದರು, ಅದಕ್ಕೆ ಈ ಬಿಗಿ.

ಹಲಸೂರು ದಾಟಿತು, ಇಂದಿರಾನಗರ ದಾಟಿತು. ಹಿಂದೆ ಹದಿನೈದಿಪ್ಪತ್ತು ಕಾರು, ಕೆಂಪು, ಹಸಿರು, ಕೆನೆ ಬಣ್ಣದವು, ತೇರು ಎಳೆದ ಹಾಗೆ ನಿಧಾನವಾಗಿ ಬರುತ್ತಿದ್ದವು. ಬಸ್ಸಿನ ಕಿಟಕಿಯಲ್ಲಿದ್ದವರೆಲ್ಲ ಕೈಬೀಸಿದರು. ತೂಗು ಸೇತುವೆಯ ಮೇಲೆ ಏರುವಾಗ ಎರಡನೇ ಗೇರಿನಲ್ಲಿ ಕಾರು ಎಷ್ಟು ಚೆನ್ನಾಗಿ ಎಳೆಯಿತೆಂದರೆ ನಾನು ಅದರ ಸ್ಟೀರಿಂಗನ್ನು ತಟ್ಟಿ, "ಭೇಷ್ ಕಂದಾ" ಎಂದೆ. ಎಲ್ಲ ಸರಿಯಿತ್ತು. ಮಾತಾಡದೆ, ಎಡಕ್ಕೆ ನೋಡದೆ, ಆ ತಿರುವು ದಾಟಿಬಿಡುವುದು ಎಂದು ಮನೆಯಲ್ಲೇ ತೀರ್ಮಾನ ಮಾಡಿಕೊಂಡು ಬಂದಿದ್ದೆ.

ತಿರುವು ಬಂತು. ಮೂಲೆಯ ಅರಳಿಕಟ್ಟೆಯಲ್ಲಿ ಕೂತಿದ್ದ ಮುದುಕರೊಬ್ಬರು ಎದ್ದು ನಿಂತು, ಕಣ್ಣಿಗೆ ಕೈ ಅಡ್ಡ ಹಿಡಿದು, "ಲೋ, ಸೊಪ್ಪಿನ ಕಾರು ಕಣ್ರೋ!" ಎಂದು ಕೂಗಿದ್ದು ಕೇಳಿಸಿತು. ನನಗೆ ಏನಾಯಿತೋ! ಸಿಟ್ಟು ನೆತ್ತಿಗೇರಿತು. ನನ್ನ ಊರು, ನನ್ನ ತಾತನ ಕಾರು, ನಾನ್ಯಾಕೆ ಕಳ್ಳಿಯ ಹಾಗೆ ತಲೆ ತಗ್ಗಿಸಿ ಹೋಗಬೇಕು? ಕೈ ತಾನಾಗಿ ಕಿಟಕಿಯ ಹೊರಗೆ ಹೋಗಿ ಎಡಕ್ಕೆ ಎಂದು ಸನ್ನೆ ಮಾಡಿತು. ತಿರುಗಿಸಿಯೇಬಿಟ್ಟೆ.

"ಲೇ, ಹಿಂದೆ..." ಎಂದರು ಯಜಮಾನರು.

"ಸುಮ್ನಿರಿ ನೀವು. ಐದು ನಿಮಿಷ ಅಷ್ಟೆ, ಕುಂಕುಮ ಇಡಿಸ್ಕೊಂಡು ಬಂದ್ಬಿಡ್ತೀನಿ."

"ಅಲ್ವೇ, ಹಿಂದೆ ನೋಡೇ!"

ಕನ್ನಡಿ ನೋಡಿದೆ. ಅಯ್ಯೋ ಶಿವನೇ! ಒಂದರ ಹಿಂದೆ ಒಂದು, ಅಷ್ಟೂ ಕಾರು ಎಡಕ್ಕೆ ತಿರುಗುತ್ತಿದ್ದವು. ಅಪ್ಪಣೆ ಎಂದರೆ ಅಪ್ಪಣೆ. ಆ ಓಣಿಯಲ್ಲಿ ಎರಡು ಹಸು ಎದುರಾದರೆ ಒಂದು ಹಿಂದಕ್ಕೆ ಹೋಗಬೇಕು. ನೀರಿನ ಟ್ಯಾಂಕರಿನವನು ಪೈಪು ಬಿಟ್ಟು ಬಾಯಿ ತೆರೆದು ನಿಂತ. ಕೋಳಿಗಳು ದಿಕ್ಕಾಪಾಲಾದವು. ಹಿಂದಕ್ಕೆ ಹೋಗುವ ಮಾತೇ ಇರಲಿಲ್ಲ, ಓಣಿ ಮುಗಿಯುವುದೇ ಅಣ್ಣನ ಮನೆಯ ಕಣದಲ್ಲಿ. ಮೊದಲು ರಾಗಿ ಒಕ್ಕುತ್ತಿದ್ದ ಆ ಕಣ ಈಗ ಬಾಡಿಗೆಯವರ ಸ್ಕೂಟರು ನಿಲ್ಲುವ ಜಾಗ. ಅದರ ತುಂಬ ನಮ್ಮ ಕಾರುಗಳು ಬಂದು ನಿಂತವು.

ಅಣ್ಣ ಲುಂಗಿ ಎತ್ತಿ ಕಟ್ಟಿ, ಕೈಯಲ್ಲಿ ಹಸುವಿನ ಬಕೆಟ್ಟು ಹಿಡಿದು ಹೊರಗೆ ಬಂದ. ಕಾರುಗಳನ್ನು ನೋಡಿದ, ನನ್ನನ್ನು ನೋಡಿದ, ಬಕೆಟ್ಟು ಕೆಳಗಿಟ್ಟ. ಅಷ್ಟರಲ್ಲಿ ಅಧ್ಯಕ್ಷರು ಹಿಂದಿನ ಕಾರಿನಿಂದ ಇಳಿದು, ಟೋಪಿ ತೆಗೆದು, ಅಣ್ಣನ ಕೈ ಹಿಡಿದು ಕುಲುಕಿಬಿಟ್ಟರು. "ನೀವು ಮೇಡಂ ಬ್ರದರ್ ಅಲ್ವಾ? ಮುಖ ಹಾಗೇ ಇದೆ. ತಿಂಡಿ ಇಲ್ಲೇ ಅಂತ ನಮಗೆ ಹೇಳೇ ಇಲ್ಲ ನೋಡಿ. ಸರ್‌ಪ್ರೈಸ್! ವೆರಿ ಗುಡ್, ವೆರಿ ಗುಡ್!"

ಮನೆ ಬಾಗಿಲಿಗೆ ಬಂದವರನ್ನು ನಮ್ಮ ಮನೆಯಲ್ಲಿ ಯಾರೂ ಇಂದಿನವರೆಗೆ ಬರಿಗೈಲಿ ಕಳಿಸಿಲ್ಲ. ಅಣ್ಣ ಒಂದು ಕ್ಷಣ ನನ್ನ ಕಡೆ ನೋಡಿದ. ಆ ನೋಟದಲ್ಲಿ ನಾನು ಸುಟ್ಟು ಬೂದಿಯಾಗಬೇಕಿತ್ತು. ಆಮೇಲೆ ಅಧ್ಯಕ್ಷರ ಕಡೆ ತಿರುಗಿ, "ಬನ್ನಿ ಸಾರ್, ಬನ್ನಿ. ಎಲ್ಲಾ ರೆಡಿ ಐತೆ" ಎಂದ. ಏನೂ ರೆಡಿ ಇರಲಿಲ್ಲ. ಅತ್ತಿಗೆ ತಲೆಯ ಮೇಲೆ ಕೈ ಹೊತ್ತುಕೊಂಡು ಒಳಗೆ ಓಡಿದಳು. ಬಾಡಿಗೆ ಮನೆಗಳ ಹೆಂಗಸರೆಲ್ಲ ತಮ್ಮ ತಮ್ಮ ರವೆ ಡಬ್ಬಿ ಹಿಡಿದು ಬಂದರು. ದೇವರ ಕಾರ್ಯದ ದೊಡ್ಡ ಪಾತ್ರೆ ಅಟ್ಟದಿಂದ ಇಳಿಯಿತು. ನಾನು ಸೆರಗು ಸಿಕ್ಕಿಸಿ ಈರುಳ್ಳಿ ಹೆಚ್ಚಲು ಕೂತೆ. ಅತ್ತಿಗೆ ಪಿಸುಗುಟ್ಟಿದಳು: "ಬರೋದು ಬಂದೆ, ಒಬ್ಳೇ ಬರಕ್ಕಾಗ್ಲಿಲ್ವಾ ನಿಂಗೆ?" ನಗುತ್ತಾ ನಗುತ್ತಾ ಇಬ್ಬರ ಕಣ್ಣಲ್ಲೂ ನೀರು ಬಂತು, ಈರುಳ್ಳಿಯ ನೆಪವಾಯಿತು.

ಅಣ್ಣ ಹೊರಗೆ ಎಲ್ಲರ ಜೊತೆ ಮಾತಾಡುತ್ತಿದ್ದ, ನನ್ನ ಜೊತೆ ಬಿಟ್ಟು. ತಾತ, ದೊರೆ, ಸೊಪ್ಪಿನ ಮೂಟೆ, ಮಾರ್ಕೆಟ್ಟು, ಒಂದೂ ಬಿಡದೆ ಹೇಳುತ್ತಿದ್ದುದು ಅಡುಗೆಮನೆಗೆ ಕೇಳಿಸುತ್ತಿತ್ತು. ಯಾರೋ, "ಹಾಗಾದ್ರೆ ಈ ಕಾರು ನಿಮ್ದಾ?" ಎಂದು ಕೇಳಿದರು. ಈಳಿಗೆಯ ಮೇಲೆ ನನ್ನ ಕೈ ನಿಂತಿತು. "ನಮ್ಮನೇದು" ಎಂದ ಅಣ್ಣ. ಅದನ್ನು ಹೇಗೆ ತೆಗೆದುಕೊಳ್ಳಬೇಕೋ ನನಗೆ ತಿಳಿಯಲಿಲ್ಲ.

ಉಪ್ಪಿಟ್ಟು, ಬಾಳೆಹಣ್ಣು, ಕಾಫಿ ಆಯಿತು. ಅತ್ತಿಗೆ ಕುಂಕುಮ ಇಟ್ಟಳು. ಕ್ಲಬ್ಬಿನವರೆಲ್ಲ ಕಾರು ಸ್ಟಾರ್ಟ್ ಮಾಡಿಕೊಂಡು ಕೂತರು. ಮುಂದಿನ ಕಾರು ಹೊರಟ ಮೇಲೆ ತಾನೇ ಉಳಿದವರು? ನಾನು ಸೆಲ್ಫ್ ಎಳೆದೆ. ಕಾರು ಒಂದು ಸಲ ಕೆಮ್ಮಿ ಸುಮ್ಮನಾಯಿತು. ಇನ್ನೊಮ್ಮೆ ಎಳೆದೆ, ಅದೂ ಇಲ್ಲ. ಕಾದ ಇಂಜಿನ್ನು, ಮುದಿ ಬ್ಯಾಟರಿ. ಅಷ್ಟೂ ಜನ ನನ್ನನ್ನೇ ನೋಡುತ್ತಿದ್ದರು.

ಯಜಮಾನರು, "ಡಿಕ್ಕೀಲಿ ಹ್ಯಾಂಡಲ್ ಇದ್ಯಲ್ಲ, ತರ್ತೀನಿ" ಎಂದು ಬಾಗಿಲಿಗೆ ಕೈ ಹಾಕಿದರು. ನಾನು ಅವರ ಅಂಗಿಯ ತೋಳು ಹಿಡಿದು ಎಳೆದು ಕೂರಿಸಿದೆ. "ರೀ, ಅಲ್ಲಾಡ್ಬೇಡಿ" ಎಂದೆ, ತುಟಿ ಅಲುಗಿಸದೆ. ಮದುವೆಯಾಗಿ ಇಷ್ಟು ವರ್ಷಕ್ಕೆ ಅವರಿಗೆ ನನ್ನ ಆ ದನಿ ಗೊತ್ತು. ನೀರಿನ ಕ್ಯಾನ್ ಅಪ್ಪಿಕೊಂಡು ಕೂತರು.

ಮತ್ತೆ ಸೆಲ್ಫ್ ಎಳೆದೆ. ಗರ್ರ್ ಎಂದಿತು, ಅಷ್ಟೆ. ಇಬ್ಬರು ಮೂವರು ತಳ್ಳಲು ಇಳಿದು ಬಂದರು. "ತಳ್ಳಬೇಡ್ರಿ!" ಎಂದು ಅಣ್ಣ ಗದರಿದ. ಸೀದಾ ಒಳಗೆ ಹೋದ. ದೇವರ ಮನೆಯ ಪಕ್ಕದ ಕೋಣೆಯ ಬಾಗಿಲು ಕಿರುಗುಟ್ಟಿತು. ಹೊರಗೆ ಬಂದಾಗ ಅವನ ಕೈಯಲ್ಲಿ ಅಪ್ಪನ ಹಳೇ ಪಂಚೆಯಲ್ಲಿ ಸುತ್ತಿದ್ದ ಉದ್ದನೆಯ ಗಂಟಿತ್ತು. ಯಾರ ಮುಖವನ್ನೂ ನೋಡದೆ ಬಿಚ್ಚಿದ. ಹ್ಯಾಂಡಲ್! ಒಂದು ಚೂರು ತುಕ್ಕಿಲ್ಲ, ಎಣ್ಣೆ ಸವರಿ ಸವರಿ ಕರ್ರಗೆ ಮಿಂಚುತ್ತಿತ್ತು.

ಕಾರಿನ ಮುಂದೆ ಕೂತು ಸಿಕ್ಕಿಸಿದ. ಲುಂಗಿ ಬಿಗಿದ. ಹಿಡಿದ. ನನಗೆ ಗಾಜಿನಾಚೆ ಅವನ ನರೆತ ತಲೆ ಮಾತ್ರ ಕಾಣುತ್ತಿತ್ತು. ನನ್ನ ಬಾಯಿಂದ ನಾನು ಯೋಚಿಸುವ ಮೊದಲೇ ಬಂತು: "ಅಣ್ಣಾ, ಹೆಬ್ಬೆರಳು!"

ತಲೆ ಮೇಲೆದ್ದಿತು. ಮೂರು ವರ್ಷದ ಮೇಲೆ ನನ್ನ ಜೊತೆ ಬಾಯಿ ಬಿಟ್ಟ. "ಗೊತ್ತು ಕಣೇ! ನಿನಗಿಂತ ಮುಂಚೆ ಹುಟ್ಟಿದೋನು ನಾನು" ಎಂದ. ಎಂದವನು, ಅಷ್ಟೂ ಜನರ ಮುಂದೆ, ನಾಲಿಗೆ ಚಾಚಿ ಅಣಕಿಸಿದ. ಒಂದೇ ಸುತ್ತು. ಗುಡುಗುಡು ಎಂದು ಕಾರು ಎದ್ದಿತು. ನಾನು ಸ್ಟೀರಿಂಗಿನ ಮೇಲೆ ತಲೆಯಿಟ್ಟು ಗೊಳೋ ಎಂದು ಅತ್ತುಬಿಟ್ಟೆ. ಕ್ಲಬ್ಬಿನವರು ಕಾರು ಎದ್ದಿದ್ದಕ್ಕೆ ಚಪ್ಪಾಳೆ ತಟ್ಟಿದರು.

ಅಣ್ಣ ಕಿಟಕಿಯ ಹತ್ತಿರ ಬಂದು ನಿಂತ, ಹ್ಯಾಂಡಲಿಗೆ ಪಂಚೆ ಸುತ್ತುತ್ತಾ. ಮೂಗೊರೆಸಿಕೊಂಡು ಕೈ ಚಾಚಿದೆ. "ಕೊಡಣ್ಣ ಅದನ್ನ. ಅದಿಲ್ಲ ಅಂತ ಪ್ರತಿ ಸಲ ಮಾರ್ಕ್ಸ್ ಕಟ್ ಮಾಡ್ತಾರೆ."

"ಮಾಡ್ಲಿ ಬಿಡು" ಎಂದ ಅಣ್ಣ. "ಕಾರು ನಿನ್ ಹತ್ರ ಇರ್ಲಿ, ಇದು ನನ್ ಹತ್ರ ಇರ್ಲಿ. ಕೊಟ್ಬಿಟ್ರೆ ಆಮೇಲೆ ನೀನ್ಯಾಕೆ ಬರ್ತೀಯ ಈ ಕಡೆ?" ಗಂಟನ್ನು ಕಂಕುಳಲ್ಲಿ ಇರುಕಿಕೊಂಡು ಒಳಗೆ ಹೋದ.

ಆ ಸಲದ ಗೌರಿ ಹಬ್ಬಕ್ಕೆ ಬೆಳಗಾಗುವ ಮೊದಲೇ ನಮ್ಮ ಗೇಟು ಸದ್ದಾಯಿತು. ಮೊರದ ಜೊತೆಗೆ ಒಂದು ಕಟ್ಟು ಕೊತ್ತಂಬರಿ ಸೊಪ್ಪೂ ಇತ್ತು. ಅದನ್ನು ಅಣ್ಣ ತಾನೇ ಕಾರಿನ ಹಿಂದಿನ ಸೀಟಿನಲ್ಲಿಟ್ಟ.

ಈಗ ನಾನು ಮಾರತ್ತಹಳ್ಳಿಯ ಮೇಲೆ ಬಳಸಿಕೊಂಡು ಹೋಗುವುದಿಲ್ಲ. ಶಿವಾಜಿನಗರದ ಮೇಸ್ತ್ರಿ ಹೊಸ ಬ್ಯಾಟರಿ ಹಾಕಿಕೊಟ್ಟಿದ್ದಾರೆ, ಸೆಲ್ಫ್ ಕೂಡ ಬಿಚ್ಚಿ ರಿಪೇರಿ ಮಾಡಿದ್ದಾರೆ. ಕೀ ತಿರುಗಿಸಿ ಒಂದು ಸಲ ಸೆಲ್ಫ್ ಎಳೆದರೆ ಸಾಕು, ಕಾರು ಏಳುತ್ತದೆ. ಅವರು ಮಾಡಿದ ಹ್ಯಾಂಡಲ್ ಈಗಲೂ ಡಿಕ್ಕಿಯಲ್ಲಿ, ಗೋಣಿಚೀಲದ ಕೆಳಗೆ ಇದೆ. ಆದರೆ ಅಣ್ಣನ ಮನೆಯ ಕಣದಲ್ಲಿ ಮಾತ್ರ ನಮ್ಮ ಕಾರು ಇವತ್ತಿಗೂ ಸೆಲ್ಫ್ ತೆಗೆದುಕೊಳ್ಳುವುದಿಲ್ಲ.